ಹತ್ತಕ್ಕೆಷ್ಟಮ್ಮನ ಲಕೋಟೆ

ನಮ್ಮ ಅತ್ತಿಗೆಯ ಮಾನ ಒಂದು ಹಳದಿ ಲಕೋಟೆಯೊಳಗೆ ವರ್ಷವಿಡೀ ಕೂತಿತ್ತು. ಆ ವರ್ಷದ ಕಥೆಯನ್ನು ನಾನೇ ಹೇಳಬೇಕು. ಬೇರೆ ಯಾರಾದರೂ ಹೇಳಿದರೆ ಅದರಲ್ಲಿ ನಾನು ಮಾಡಿದ ಮೂರ್ಖತನವನ್ನು ಮುಲಾಜಿಗೆ ಬಿದ್ದು ಬಿಟ್ಟುಬಿಡುತ್ತಾರೆ. ನನಗೆ ನನ್ನ ಮುಲಾಜೇನೂ ಇಲ್ಲ. ಕೋಪ ನನ್ನ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಇಡೀ ಲಾಂಡ್ರಿಗೆ ಗೊತ್ತು, ಈಗ ನಿಮಗೂ ಗೊತ್ತಾಗಲಿ.

ಅತ್ತಿಗೆ ಎಂದರೆ ನನ್ನ ಅಣ್ಣನ ಹೆಂಡತಿ. ಅಣ್ಣ ಬೀಗ ರಿಪೇರಿ ಮಾಡುವವನು. ನನ್ನ ಗಂಡ ತೀರಿಕೊಂಡ ಮೇಲೆ ನಾನು ಬಂದು ಸೇರಿದ್ದು ಅವರ ಮನೆಯನ್ನೇ. ನನ್ನನ್ನು ಲಾಂಡ್ರಿಗೆ ಸೇರಿಸಿದ್ದೂ ಅತ್ತಿಗೆಯೇ, ಯಾಕೆಂದರೆ ಅವರು ಅಲ್ಲಿ ನರ್ಸು. ಲಾಂಡ್ರಿ ಎಂದರೆ ಬೀದಿ ಬದಿಯ ಇಸ್ತ್ರಿ ಅಂಗಡಿಯಲ್ಲ. ಊರಿನ ಆಸ್ಪತ್ರೆ, ಹೋಟೆಲುಗಳ ಹಾಸಿಗೆ ಬಟ್ಟೆಯೆಲ್ಲ ಲಾರಿಗಟ್ಟಲೆ ಬಂದು ಬೀಳುವ ಕಾರ್ಖಾನೆ. ನೂರಿಪ್ಪತ್ತೇಳು ಜನ, ಒಬ್ಬೊಬ್ಬರ ಎದೆಯ ಮೇಲೂ ನಂಬರು ಕೊರೆದ ಒಂದು ಹಿತ್ತಾಳೆ ಬಿಲ್ಲೆ. ನನ್ನದು ನಲವತ್ತೊಂದು. ಬಾಯ್ಲರಿನ ಗೋಡೆಗೆ ಅಂಟಿಕೊಂಡ ಒಂದು ಪುಟ್ಟ ಕೋಣೆ ಅತ್ತಿಗೆಯದು: ಒಂದು ಬೆಂಚು, ಒಂದು ತೂಕದ ಯಂತ್ರ, ಬಿಪಿ ನೋಡುವ ಪಟ್ಟಿ, ಸುಟ್ಟ ಗಾಯಕ್ಕೆ ಹಚ್ಚುವ ಮುಲಾಮಿನ ದೊಡ್ಡ ಡಬ್ಬ. ಚಳಿಗಾಲದಲ್ಲಿ ಆ ಬೆಚ್ಚನೆ ಗೋಡೆಗೆ ಒರಗಿ ಕೂರುವುದಕ್ಕೆಂದೇ ಕೆಲವರು ತಲೆನೋವು ತಂದುಕೊಳ್ಳುತ್ತಿದ್ದರು.

ಅತ್ತಿಗೆಯ ತಂದೆ ಅಂಚೆ ಹಂಚುತ್ತಿದ್ದವರು. ಮೂವತ್ತು ವರ್ಷ ಚೀಲ ಹೊತ್ತು ಮೆಟ್ಟಿಲು ಹತ್ತಿ ಇಳಿದವರು. ಅತ್ತಿಗೆ ನರ್ಸಿಂಗ್ ಓದುತ್ತಿದ್ದಾಗ ಒಂದು ಸಂಜೆ ಅವರು ಬೂಟು ಬಿಚ್ಚುತ್ತಾ, "ಮಗಳೇ, ಮೊದಲಿನ ನನ್ನಲ್ಲಿ ಈಗ ಅರ್ಧಾನೇ ಉಳಿದಿದೀನಿ ಕಣೆ" ಎಂದರಂತೆ. ಹೊಸದಾಗಿ ಕಲಿತ ಹುರುಪು. ಅತ್ತಿಗೆ ನಾಡಿ ಹಿಡಿದು ನೋಡಿದರು, ಬಿಪಿ ನೋಡಿದರು, ಎದೆಗೆ ಕೊಳವೆ ಇಟ್ಟು ಕೇಳಿದರು. ಎಲ್ಲ ಸರಿಯಾಗಿತ್ತು. "ನಿಮಗೇನೂ ಆಗಿಲ್ಲಪ್ಪ, ವಯಸ್ಸಾಯ್ತು ಅಷ್ಟೆ" ಎಂದು ಸಮಾಧಾನ ಹೇಳಿದರು. ಎಂಟು ತಿಂಗಳಿಗೆ ಅವರು ಹಾಸಿಗೆ ಹಿಡಿದರು. ಮತ್ತೆ ಚೀಲ ಹೊರಲೇ ಇಲ್ಲ.

"ಅಪ್ಪ ಅವತ್ತೇ ಲೆಕ್ಕ ಕೊಟ್ಟಿದ್ರು, ಅರ್ಧ ಅಂತ. ನಾನು ಯಂತ್ರ ನೋಡ್ಕೊಂಡು ಕೂತಿದ್ದೆ" ಎಂದು ಅತ್ತಿಗೆ ನನಗೆ ಎಷ್ಟು ಸಲ ಹೇಳಿದ್ದಾರೋ. ಅದು ಅವರ ಎದೆಯಲ್ಲಿ ಮುಳ್ಳಾಗಿ ಉಳಿದಿತ್ತು. ಮೈಯ ಸಂಗತಿ ಮೈ ಇರುವವರಿಗೇ ಮೊದಲು ಗೊತ್ತಾಗುತ್ತದೆ, ಕೇಳುವವರು ಬೇಕು ಅಷ್ಟೆ ಎಂಬುದು ಅವರ ತಲೆಯಲ್ಲಿ ಹೊಕ್ಕು ಕೂತಿತು. ಅಲ್ಲಿಂದ ಹುಟ್ಟಿತು ಅವರ ಪ್ರಶ್ನೆ: ನಿಮ್ಮ ಆಯುಷ್ಯದಲ್ಲೇ ಮೈ ಚೆನ್ನಾಗಿ ದುಡಿದ ಕಾಲಕ್ಕೆ ಹತ್ತು ಅಂತ ಇಟ್ಟರೆ, ಈಗ ಹತ್ತಕ್ಕೆ ಎಷ್ಟು? ಜ್ವರಕ್ಕೆ ಬಂದವರನ್ನೂ ಕೇಳಿದರು, ಬೆರಳು ಸುಟ್ಟುಕೊಂಡು ಬಂದವರನ್ನೂ ಕೇಳಿದರು. ಕೇಳಿ ಕೇಳಿ 'ಹತ್ತಕ್ಕೆಷ್ಟಮ್ಮ' ಎಂದೇ ಹೆಸರಾದರು.

ಒಂದು ವರ್ಷ ಅವರಿಗೆ ಎಲ್ಲರನ್ನೂ ಒಟ್ಟಿಗೆ ಕೇಳಿ ಬರೆದಿಡುವ ಉಮೇದು ಬಂತು. ಸೂಪರ್‌ವೈಸರಿಗೆ ಹೇಳಿದರು. ಅವನೋ ನಮ್ಮನ್ನೆಲ್ಲ ಸಾಲಾಗಿ ನಿಲ್ಲಿಸಿ, ಕೈಯಲ್ಲಿ ಹಲಗೆ ಹಿಡಿದು ಪಕ್ಕದಲ್ಲೇ ನಿಂತುಕೊಂಡ. ನಮ್ಮ ಜನ ಅದನ್ನು ಪರೀಕ್ಷೆಯ ಅಂಕ ಎಂದುಕೊಂಡರು, ಕಡಿಮೆ ಹೇಳಿದವರನ್ನು ಕೆಲಸದಿಂದ ತೆಗೆಯುತ್ತಾರೆ ಎಂದು ಗುಸುಗುಸು ಹಬ್ಬಿತು. ಸಾಲಿನ ಈ ತುದಿಯಿಂದ ಆ ತುದಿಯವರೆಗೆ ಹತ್ತು, ಹತ್ತು, ಹತ್ತು. ನೆಟ್ಟಗೆ ನಿಲ್ಲಲಾಗದೆ ಗೋಡೆ ಹಿಡಿದಿದ್ದ ಒಬ್ಬ ಗಾಡಿ ತಳ್ಳುವವನು ಹನ್ನೆರಡು ಎಂದ. ಅತ್ತಿಗೆ ಆ ಪಟ್ಟಿಯನ್ನು ಹರಿದು ಒಲೆಗೆ ಹಾಕಿ, ಮನೆಗೆ ಬಂದು ನಗುತ್ತಾ ಕೂತರು.

"ತಪ್ಪು ಅವರದ್ದಲ್ಲ. ಯಜಮಾನರ ಮುಂದೆ ಯಾರಾದ್ರೂ ಐದು ಅಂತಾರಾ?" ಎಂದರು.

ಮರುವಾರ ಖಾಲಿಯಾದ ಹತ್ತಿಯ ಡಬ್ಬಕ್ಕೆ ಸೀಳು ಕೊರೆದು, ಮುಚ್ಚಳಕ್ಕೆ ಅಣ್ಣನ ಕೈಯಿಂದ ಬೀಗ ಹಾಕಿಸಿದರು. ಬಿಪಿ ನೋಡಲು ಒಬ್ಬೊಬ್ಬರನ್ನೇ ಕರೆದರು, ಬಾಗಿಲು ಹಾಕಿದರು, ಚೀಟಿ ಕೊಟ್ಟರು. ಚೀಟಿಯಲ್ಲಿ ಬಿಲ್ಲೆಯ ನಂಬರು, ಹತ್ತಕ್ಕೆ ಎಷ್ಟು ಎಂಬುದು, ಕೆಳಗೆ ಇನ್ನೊಂದೇ ಪ್ರಶ್ನೆ: ಇದೇ ಕೆಲಸವನ್ನು ಇನ್ನೆರಡು ವರ್ಷ ಮಾಡಬಲ್ಲಿರಾ? ಯಾರ ಚೀಟಿಯಲ್ಲಿ ಏನಿದೆ ಎಂದು ಸತ್ತರೂ ಬಾಯಿ ಬಿಡುವುದಿಲ್ಲ ಎಂದು ಒಬ್ಬೊಬ್ಬರಿಗೂ ಮಾತು ಕೊಟ್ಟರು. ಈ ಮಾತನ್ನು ನೆನಪಿಡಿ.

ನಾನೂ ಬರೆದೆ. ಆಗ ನಾನು ಒದ್ದೆ ಮೇಜಿನ ಮುಂದಾಳು. ಹಿಂಡುವ ಯಂತ್ರದಿಂದ ಹಗ್ಗದಂತೆ ಹೆಣೆದುಕೊಂಡು ಬರುವ ಒದ್ದೆ ಹಾಸುಗಳನ್ನು ಎಳೆದು, ಬಿಡಿಸಿ, ಒದರಿ, ಇಸ್ತ್ರಿ ಉರುಳೆಗೆ ಕೊಡುವ ಆರು ಜನರಿಗೆ ಒಡತಿ ನಾನು. ಅಂದು ಬೆಳಿಗ್ಗೆ ಮಂಚದ ಅಂಚು ಹಿಡಿದು ಎರಡು ಸಲ ಪ್ರಯತ್ನಪಟ್ಟ ಮೇಲೆ ಎದ್ದು ನಿಂತಿದ್ದೆ, ಬಲಗೈಯ ಬೆರಳು ಜುಮುಜುಮು ಎನ್ನುತ್ತಿತ್ತು. ಸಿಟ್ಟಿನಲ್ಲಿ ನಾಲ್ಕು ಎಂದು ಬರೆದೆ. ಕೆಳಗೆ 'ಇಲ್ಲ' ಎಂದು ಗೀಚಿದೆ. ಡಬ್ಬಕ್ಕೆ ತುರುಕಿ ಹೊರಗೆ ಬಂದವಳು ಅದನ್ನು ಅಲ್ಲೇ ಮರೆತೆ.

ಅತ್ತಿಗೆ ಮೂರು ದಿನ ಊಟದ ಮೇಜಿನ ಮೇಲೆ ಚೀಟಿಗಳನ್ನು ಹರಡಿಕೊಂಡು, ನಾನು ಬಂದರೆ ಟವಲು ಮುಚ್ಚಿ, ನಾಲ್ಕನೆಯ ದಿನ ಮ್ಯಾನೇಜರ್ ಕೋಣೆಗೆ ಹೋದರು. ಐದೋ ಅದಕ್ಕಿಂತ ಕಡಿಮೆಯೋ ಬರೆದು, ಎರಡನೆಯ ಪ್ರಶ್ನೆಗೆ 'ಇಲ್ಲ' ಎಂದವರು ಒಂಬತ್ತು ಜನ ಇದ್ದರು. ಈ ಒಂಬತ್ತು ಜನ ವರ್ಷದೊಳಗೆ ಒಂದೇ ಸಲಕ್ಕೆ ಮೂವತ್ತು ದಿನ ಮೀರಿ ಕಾಯಿಲೆ ರಜೆ ಹಾಕುತ್ತಾರೆ, ಅದಕ್ಕೆ ಮೊದಲೇ ಅವರಿಗೆ ಹಗುರ ಕೆಲಸ ಕೊಡಿ ಎಂದು ಯಾರ ಹೆಸರನ್ನೂ ಎತ್ತದೆ ಕೇಳಿದರು. ಮ್ಯಾನೇಜರ್ ಕೆಟ್ಟ ಮನುಷ್ಯನಲ್ಲ. ಆದರೆ ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿಕೊಂಡ ಮನುಷ್ಯ. ಕಣ್ಣಿಗೆ ಕಂಡದ್ದನ್ನು ಗೆರೆ ಹಾಕಿ ಬರೆದ ಮೇಲೆಯೇ ನಂಬುವವರು.

"ಡಾಕ್ಟರ್ ಎಲ್ಲರನ್ನೂ ನೋಡಿ ಚೆನ್ನಾಗಿದಾರೆ ಅಂತ ಬರೆದಿದಾರೆ ಸಿಸ್ಟರ್. ಇವರ ಬಾಯಿ ಮಾತು ನಂಬ್ಕೊಂಡು ಕೂತ್ರೆ ನಾಳೆ ಲಾಂಡ್ರಿಯೆಲ್ಲ ಮೂರೂ ನಾಲ್ಕೂ ಅಂತ ಬರೆಯುತ್ತೆ" ಎಂದರು.

"ಹಾಗಾದ್ರೆ ಪರೀಕ್ಷೆ ಮಾಡೋಣ ಸಾರ್. ಬರೀ ನಂಬರ್ ಬರೆದು ಅಂಟಿಸಿ ಕೊಡ್ತೀನಿ, ಯಾರು ಎಷ್ಟು ಬರೆದ್ರು ಅಂತ ಮಾತ್ರ ಹೇಳಲ್ಲ. ನಿಮ್ಮ ಬೀರುವಿನಲ್ಲೇ ಇಟ್ಕೊಳಿ. ವರ್ಷ ಬಿಟ್ಟು ಒಡೆಯೋಣ."

ಮ್ಯಾನೇಜರಿಗೆ ಇದು ಹಿಡಿಸಿತು. "ಒಂಬತ್ತರಲ್ಲಿ ಏಳು ಸರಿ ಬಂದ್ರೆ ನೀವು ಹೇಳಿದ ಹಾಗೆ. ಒಂದು ಕಡಿಮೆ ಆದ್ರೂ ಆ ಡಬ್ಬ ಆಚೆಗೆ, ಪ್ರಶ್ನೆಯೂ ಆಚೆಗೆ" ಎಂದರು. ಹಳದಿ ಲಕೋಟೆಗೆ ಅರಗಿನ ಮುದ್ರೆ ಬಿತ್ತು.

ಈ ಸುದ್ದಿ ಅರ್ಧ ಗಂಟೆಯಲ್ಲಿ ಲಾಂಡ್ರಿಯ ಮೂಲೆಮೂಲೆಗೂ ಹೋಯಿತು. ಒಳಗಿರುವ ಒಂಬತ್ತು ನಂಬರು ಯಾವುವು? ಊಟದ ಬಿಡುವಿನಲ್ಲಿ ಬೇರೆ ಮಾತೇ ಇಲ್ಲ. ಯಾರಾದರೂ ಕೆಮ್ಮಿದರೆ ಎಲ್ಲರ ಕಣ್ಣೂ ಅವರ ಬಿಲ್ಲೆಯ ಮೇಲೆ. ನಾನಂತೂ ಬಾಯಿಗೆ ಬಂದ ಹಾಗೆ ನಂಬರು ಕೂಗಿ ಎಲ್ಲರನ್ನೂ ಗೋಳು ಹೊಯ್ದುಕೊಂಡೆ. ಬಾಯ್ಲರ್ ಮಾವ ಎಂದು ನಾವು ಕರೆಯುವ ಮುದುಕ ಒಬ್ಬರೇ ಎದೆ ತಟ್ಟಿಕೊಂಡು ಒಪ್ಪಿಕೊಂಡರು. "ನಾನು ಮೂರು ಬರೆದೀನಪ್ಪ. ಅವತ್ತು ಹಲ್ಲುನೋವು. ಹಲ್ಲು ಕಿತ್ತಾಯ್ತು, ಈಗ ನೋಡ್ತಿರಿ, ಒಂದು ದಿನ ರಜೆ ಹಾಕಿದ್ರೆ ನನ್ನ ಮೀಸೆ ಬೋಳಿಸಿ" ಎಂದರು.

ಇಷ್ಟರಲ್ಲಿ ನನ್ನ ತಲೆಯ ಮೇಲೆ ಬಂಡೆ ಬಿತ್ತು. ಲಕೋಟೆ ಬೀರು ಸೇರಿ ಎರಡು ವಾರವೂ ಆಗಿರಲಿಲ್ಲ, ಸೂಪರ್‌ವೈಸರ್ ಬಂದು, "ನಾಳೆಯಿಂದ ನೀವು ಹೊಲಿಗೆ ಮೂಲೆಗೆ" ಎಂದ. ಹೊಲಿಗೆ ಮೂಲೆಯೆಂದರೆ ಹರಿದ ಹಾಸುಗಳಿಗೆ ತೇಪೆ ಹಾಕುವ ಜಾಗ. ಕನ್ನಡಕದ ಇಬ್ಬರು ಹಣ್ಣುಹಣ್ಣು ಮುದುಕಿಯರು ಅಲ್ಲಿ ಕೂತು ದಾರ ಪೋಣಿಸುತ್ತಿದ್ದರು. ನಾವು ಅದನ್ನು ಅಜ್ಜಿ ಮೂಲೆ ಎನ್ನುತ್ತಿದ್ದೆವು, ನಾನೇ ಎಲ್ಲರಿಗಿಂತ ಜೋರಾಗಿ ಎನ್ನುತ್ತಿದ್ದೆ. ಅಲ್ಲಿ ಮೂರನೆಯ ಸ್ಟೂಲೊಂದು ಖಾಲಿ ಬಿದ್ದಿತ್ತು. ನನಗಿನ್ನೂ ನಲವತ್ತಮೂರು. ಒದ್ದೆ ಮೇಜಿನಿಂದ ಅಜ್ಜಿ ಮೂಲೆಗೆ.

"ಯಾರು ಹೇಳಿದ್ದು?" ಎಂದೆ.

"ನಿಮ್ಮ ಅತ್ತಿಗೇನೇ. ಹರಿದಿದ್ದು ರಾಶಿ ಬಿದ್ದಿದೆ, ನಮ್ಮ ನಾದಿನಿ ಚೆನ್ನಾಗಿ ಹೊಲೀತಾಳೆ, ಅವಳನ್ನ ಹಾಕಿ ಅಂದ್ರು."

ನಾನು ಕೆಂಡಾಮಂಡಲವಾದೆ. ಸೀದಾ ಬಾಯ್ಲರ್ ಪಕ್ಕದ ಕೋಣೆಗೆ ಹೋಗಿ ಬಾಗಿಲು ತಳ್ಳಿದೆ. "ನಾನು ನಿಮಗೇನು ದ್ರೋಹ ಮಾಡಿದ್ದೆ ಅತ್ತಿಗೆ? ಮನೇಲಿ ಅನ್ನ ಹಾಕ್ತೀರಿ ಅಂತ ಇಲ್ಲಿ ನನ್ನ ತಲೆ ಮೇಲೆ ಕಾಲಿಡ್ತೀರಾ?" ಎಂದೆ. ಅತ್ತಿಗೆ ನನ್ನ ಮುಖ ನೋಡಿದರು. ಬೀಗ ಹಾಕಿದ ಡಬ್ಬದ ಕಡೆ ಒಮ್ಮೆ ನೋಡಿದರು. "ಹೊಲಿಯೋರು ಬೇಕಾಗಿತ್ತು ಕಣೆ" ಎಂದರು ಅಷ್ಟೆ. ಆ ತಣ್ಣಗಿನ ಮಾತು ನನ್ನನ್ನು ಇನ್ನಷ್ಟು ಉರಿಸಿತು. ಅಂದಿನಿಂದ ಅತ್ತಿಗೆಯ ಜೊತೆ ಮಾತು ಬಿಟ್ಟೆ.

ಒಂದೇ ಮನೆ, ಒಂದೇ ಅಡುಗೆಮನೆ, ಒಂದೇ ಬಸ್ಸು. ಆದರೂ ಬಿಟ್ಟೆ. ಹೇಳುವುದಿದ್ದರೆ ಅಣ್ಣನಿಗೆ ಹೇಳುತ್ತಿದ್ದೆ. "ಅಣ್ಣ, ನಿನ್ನ ಹೆಂಡ್ತಿಗೆ ಹೇಳು, ಉಪ್ಪು ಕಡಿಮೆ." ಅತ್ತಿಗೆ ಅಣ್ಣನ ಪಕ್ಕದಲ್ಲೇ ಕೂತಿರುತ್ತಿದ್ದರು. ಅಣ್ಣ ಅವರ ಕಡೆ ತಿರುಗಿ, "ಉಪ್ಪು ಕಡಿಮೆಯಂತೆ" ಎನ್ನುತ್ತಿದ್ದ. ಅವರು ಉಪ್ಪಿನ ಬಟ್ಟಲನ್ನು ಅಣ್ಣನ ಕೈಗೆ ಕೊಡುತ್ತಿದ್ದರು, ಅಣ್ಣ ನನಗೆ ಕೊಡುತ್ತಿದ್ದ. "ಬೀಗ ರಿಪೇರಿ ಮಾಡೋ ನನಗೆ ಈ ಎರಡು ಬಾಯಿ ಬೀಗ ತೆಗೆಯೋಕೆ ಆಗ್ತಿಲ್ಲ" ಎಂದು ಅವನು ಅಂಗಡಿಗೆ ಬಂದವರ ಹತ್ತಿರವೆಲ್ಲ ಗೋಳಾಡುತ್ತಿದ್ದ.

ಅತ್ತ ಲಾಂಡ್ರಿಯಲ್ಲಿ ಒಬ್ಬೊಬ್ಬರೇ ಬೀಳತೊಡಗಿದರು. ಹನ್ನೆರಡು ಎಂದಿದ್ದ ಆ ಗಾಡಿ ತಳ್ಳುವವನು ಮೂರನೆಯ ತಿಂಗಳಲ್ಲಿ ಸೊಂಟ ಹಿಡಿದು ಮಲಗಿದವನು ಐವತ್ತು ದಿನ ಬರಲಿಲ್ಲ. ಇಸ್ತ್ರಿ ಉರುಳೆಯ ಹೆಂಗಸೊಬ್ಬಳು ಉಸಿರಾಟದ ತೊಂದರೆಯೆಂದು ಎರಡು ತಿಂಗಳು ಹೋದಳು. ಒಬ್ಬೊಬ್ಬರು ಹೋದಾಗಲೂ ಲಾಂಡ್ರಿಯೆಲ್ಲ ಗುಲ್ಲು: ಇದು ಒಳಗಿನ ನಂಬರಾ, ಹೊರಗಿನದಾ? ಕ್ರಿಕೆಟ್ ಸ್ಕೋರು ಕೇಳುವವರ ಹಾಗೆ ಕೇಳುತ್ತಿದ್ದರು. ಅತ್ತಿಗೆ ಮಾತ್ರ ತುಟಿ ಪಿಟಕ್ಕೆನ್ನುತ್ತಿರಲಿಲ್ಲ. ಅಂಥ ಸಂಜೆಗಳಲ್ಲಿ ತಟ್ಟೆಯ ಮುಂದೆ ಕೂತು ಊಟ ಮಾಡದೆ ಎದ್ದುಬಿಡುತ್ತಿದ್ದರು. ಲೆಕ್ಕ ತಪ್ಪುತ್ತಿದೆ, ಅದಕ್ಕೇ ಗಂಟಲಲ್ಲಿ ಇಳಿಯುತ್ತಿಲ್ಲ ಎಂದುಕೊಂಡು ನಾನು ಒಳಗೊಳಗೇ ಖುಷಿಪಟ್ಟೆ. ಹೌದು, ಖುಷಿಪಟ್ಟೆ. ಬರೆಯುವಾಗ ನಾಚಿಕೆಯಾಗುತ್ತದೆ.

ಲಕೋಟೆ ಒಡೆಯುವ ದಿನ ಹತ್ತಿರ ಬಂತು. ಕೆಲಸಗಾರರ ಕಡೆಯಿಂದ ಒಬ್ಬ ಸಾಕ್ಷಿ ಬೇಕು, ಆದರೆ ಸಿಸ್ಟರ್ ಕಡೆ ವಾಲುವವರು ಬೇಡ ಎಂದು ಮ್ಯಾನೇಜರ್ ಹೇಳಿಕಳಿಸಿದರು. ನೂರಿಪ್ಪತ್ತು ಬಾಯಿ ಒಟ್ಟಿಗೆ ನನ್ನ ಹೆಸರು ಹೇಳಿದವು. ವರ್ಷದಿಂದ ಅತ್ತಿಗೆಯ ಮುಖ ನೋಡದ ನಾದಿನಿಗಿಂತ ನಿಷ್ಪಕ್ಷಪಾತಿ ಇನ್ನೆಲ್ಲಿ ಸಿಗಬೇಕು? ನಾನು ಒಗೆದ ಸೀರೆ ಉಟ್ಟು, ಬಿಲ್ಲೆಯನ್ನು ಹುಣಸೆಹಣ್ಣಿನಿಂದ ತಿಕ್ಕಿ ಹೊಳಪು ಬರಿಸಿಕೊಂಡು ಹೋದೆ. ಮ್ಯಾನೇಜರ್ ಕೋಣೆಯ ಗಾಜಿನ ಹೊರಗೆ ಬಾಯ್ಲರ್ ಮಾವನೂ ಇನ್ನೂ ಮೂವತ್ತು ಜನರೂ ಮೂಗು ಒತ್ತಿಕೊಂಡು ನಿಂತಿದ್ದರು.

ಮ್ಯಾನೇಜರ್ ಮುದ್ರೆ ಒಡೆದು ಹಾಳೆಯನ್ನು ನನ್ನ ಕೈಗೆ ಕೊಟ್ಟರು. ತಾವು ರಜೆಯ ಪುಸ್ತಕ ತೆರೆದು ಬೆರಳಿಟ್ಟುಕೊಂಡರು. ಅತ್ತಿಗೆ ಕುರ್ಚಿಯ ತುದಿಯಲ್ಲಿ ಕೂತು ಸೆರಗನ್ನು ಬೆರಳಿಗೆ ಸುತ್ತುತ್ತಿದ್ದರು.

"ಏಳು" ಎಂದು ಓದಿದೆ.

"ಐವತ್ತು ದಿನ. ಸರಿ."

"ಹದಿನೆಂಟು."

"ಅರವತ್ತೆರಡು ದಿನ. ಸರಿ."

"ಇಪ್ಪತ್ತೊಂಬತ್ತು."

"ಬಾಯ್ಲರ್ ಮಾವ. ಒಂದು ದಿನಾನೂ ಇಲ್ಲ. ತಪ್ಪು." ಮ್ಯಾನೇಜರ್ ತಮ್ಮ ಕಡೆ ಬೆರಳು ತೋರಿಸಿದ್ದು ಕಂಡು ಗಾಜಿನಾಚೆ ಮಾವ ಮೀಸೆ ತಿರುವಿದರು. ಒಂದು ತಪ್ಪಿತು ಎಂದು ನನ್ನ ಹೊಟ್ಟೆ ತಣ್ಣಗಾಯಿತು. ಉತ್ಸಾಹದಿಂದ ಕೆಳಗಿನ ನಂಬರಿಗೆ ಕಣ್ಣು ಹಾಕಿದೆ. ನಾಲಿಗೆ ಅಲ್ಲೇ ನಿಂತಿತು.

"ಓದಿ" ಎಂದರು ಮ್ಯಾನೇಜರ್.

"ನಲವತ್ತೊಂದು" ಎಂದೆ.

ಮ್ಯಾನೇಜರ್ ಪುಸ್ತಕದಲ್ಲಿ ಬೆರಳು ಓಡಿಸಿ, "ರಜೆ ಇಲ್ಲ. ತಪ್ಪು" ಎಂದರು. ಮುಂದಿನದನ್ನು ಹೇಗೆ ಓದಿದೆನೋ. ಐವತ್ತಾರು ಸರಿ. ಅರವತ್ತಮೂರು ಸರಿ. ಎಂಬತ್ತೆಂಟು ಮಗಳ ಊರಿಗೆ ಹೋಗುತ್ತೇನೆಂದು ಕೆಲಸವನ್ನೇ ಬಿಟ್ಟಿದ್ದಳು, ಲೆಕ್ಕಕ್ಕಿಲ್ಲ. ನೂರಾ ಎರಡು ಸರಿ. ನೂರಾ ಹತ್ತೊಂಬತ್ತು ಸರಿ.

ನಾನು ಓದುತ್ತಿದ್ದೆ, ತಲೆಯೊಳಗೆ ಬೇರೆಯೇ ನಡೆಯುತ್ತಿತ್ತು. ಸಿಟ್ಟಿನಲ್ಲಿ ಗೀಚಿದ ಆ ನಾಲ್ಕು ನೆನಪಾಯಿತು. ಆ 'ಇಲ್ಲ' ನೆನಪಾಯಿತು. ಈಚೆಗೆ ಮಂಚದ ಅಂಚು ಹಿಡಿಯದೆಯೇ ಏಳುತ್ತಿರುವುದು, ಬೆರಳಿನ ಜುಮುಜುಮು ಯಾವ ತಿಂಗಳಲ್ಲೋ ಹೇಳದೆ ಕೇಳದೆ ಹೋಗಿರುವುದು, ಎಲ್ಲ ಒಟ್ಟಿಗೆ ನೆನಪಾಯಿತು.

ಮ್ಯಾನೇಜರ್ ಪೆನ್ಸಿಲು ಕೆಳಗಿಟ್ಟರು. "ಆರು. ಉಳಿದ ನೂರಾ ಹದಿನೆಂಟು ಜನರಲ್ಲಿ ಅಷ್ಟು ದಿನ ಹೋಗಿದ್ದು ನಾಲ್ಕೇ ಜನ, ಅದರಲ್ಲಿ ಒಬ್ಬ ಸೈಕಲ್‌ನಿಂದ ಬಿದ್ದವನು. ನನಗೂ ಕಣ್ಣಿದೆ ಸಿಸ್ಟರ್. ಆದ್ರೆ ನಾವು ಮಾತಾಡಿದ್ದು ಏಳು. ಒಂದು ಕಡಿಮೆ. ಮೇಲಿನವರಿಗೆ ನಾನು ಏನಂತ ಬರೀಲಿ?"

ಅತ್ತಿಗೆ ತಲೆಯಾಡಿಸಿ ಎದ್ದು ನಿಂತರು. "ಆಯ್ತು ಸಾರ್. ಡಬ್ಬ ತೆಗೆದುಬಿಡ್ತೀನಿ" ಎಂದರು. ಅಷ್ಟೇ. ಈಗಲೂ ಬಾಯಿ ಬಿಡಲಿಲ್ಲ. ಚೀಟಿಯ ಗುಟ್ಟು ಕಾಯುತ್ತೇನೆಂದು ಕೊಟ್ಟ ಮಾತನ್ನು ಸೋಲುವ ಗಳಿಗೆಯಲ್ಲೂ ಹಿಡಿದುಕೊಂಡೇ ಇದ್ದರು.

ನನಗೆ ತಡೆಯಲಾಗಲಿಲ್ಲ. "ಸಾರ್, ನಲವತ್ತೊಂದು ಯಾರು ನೋಡಿ" ಎಂದು ಬಿಲ್ಲೆ ಮುಂದೆ ಮಾಡಿದೆ. "ನಾಲ್ಕು ಅಂತ ಬರೆದವಳು ನಾನು. ಒಂದು ದಿನಾನೂ ಯಾಕೆ ರಜೆ ಹಾಕ್ಲಿಲ್ಲ ಅಂತ ಇವರನ್ನ ಕೇಳಿ. ಒದ್ದೆ ಮೇಜಿಂದ ಎಬ್ಬಿಸಿ ಸ್ಟೂಲ್ ಮೇಲೆ ಕೂರಿಸಿದ್ದು ಇವರೇ."

ಮ್ಯಾನೇಜರ್ ಹುಬ್ಬು ಗಂಟಿಕ್ಕಿದರು. "ಅಂದ್ರೆ ಪರೀಕ್ಷೆ ನಡೀತಿರೋವಾಗ ನೀವೇ ಕೈ ಹಾಕಿದ್ರಾ ಸಿಸ್ಟರ್? ಸುಮ್ನಿದ್ದಿದ್ರೆ ಗೆದ್ದುಬಿಡ್ತಿದ್ರಲ್ಲ."

"ಹಾಕಿದೆ ಸಾರ್" ಎಂದರು ಅತ್ತಿಗೆ. "ಇವಳು ಬೆಳಿಗ್ಗೆ ಮಂಚ ಹಿಡ್ಕೊಂಡು ಏಳೋದನ್ನ ದಿನಾ ನೋಡ್ತಿದ್ದೆ. ಅಪ್ಪನ್ನ ಒಂದು ಸಲ ಹಾಗೆ ನೋಡಿ ಸುಮ್ನಿದ್ದವಳು ನಾನು. ಹೊಲಿಗೆ ಮೂಲೇಲಿ ಒಂದೇ ಸ್ಟೂಲ್ ಖಾಲಿ ಇತ್ತು. ಒಂಬತ್ತು ಇದ್ದಿದ್ರೆ ಒಂಬತ್ತೂ ಜನಾನ ಕೂರಿಸ್ತಿದ್ದೆ. ಆಗ ನಿಮ್ಮ ಲಕೋಟೆ ಪೂರ್ತಿ ಸುಳ್ಳಾಗ್ತಿತ್ತು. ನನಗೆ ಬೇಕಾಗಿದ್ದೂ ಅದೇ. ಆರು ಜನ ಮಲಗಿದಾರೆ ಅಂತ ನಾನು ಹೇಗೆ ಗೆದ್ದೆ ಅನ್ಲಿ?"

ಅವರು ಊಟ ಬಿಟ್ಟು ಎದ್ದ ಆ ಸಂಜೆಗಳು ನನ್ನ ಕಣ್ಣ ಮುಂದೆ ಬಂದವು. ಆರು ಸಂಜೆಗಳು.

"ಸಾರ್, ಏಳನೇದು ಬೇಕಲ್ವಾ ನಿಮಗೆ?" ಎಂದೆ. "ನಾಳೆಯಿಂದ ನನ್ನನ್ನ ಒದ್ದೆ ಮೇಜಿಗೆ ಹಾಕಿ. ಎರಡು ತಿಂಗಳು ಕೊಡಿ. ಮಲಗಿ ತೋರಿಸ್ತೀನಿ, ಆಮೇಲೆ ಬರ್ಕೊಳಿ."

"ಬಾಯಿ ಮುಚ್ಚೇ" ಎಂದು ಅತ್ತಿಗೆ ಗದರಿದರು. ನನ್ನ ಅತ್ತಿಗೆಯಾಗಿ ಬಂದ ಹದಿನೇಳು ವರ್ಷದಲ್ಲಿ ಅವರು ನನಗೆ ದನಿ ಏರಿಸಿದ್ದು ಅದೇ ಮೊದಲು. ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು.

ಮ್ಯಾನೇಜರ್ ನಮ್ಮಿಬ್ಬರನ್ನೂ ನೋಡಿದರು, ರಜೆಯ ಪುಸ್ತಕ ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, ಸ್ವಲ್ಪ ಮುಜುಗರದಿಂದಲೇ, ಜೀವಮಾನದಲ್ಲಿ ಮೊದಲ ಸಲ ಆ ಪ್ರಶ್ನೆ ಕೇಳಿದರು.

"ಈಗ ಹತ್ತಕ್ಕೆ ಎಷ್ಟು?"

ಅಂದು ಸೂಪರ್‌ವೈಸರ್ ನಿಲ್ಲಿಸಿದ ಸಾಲಿನಲ್ಲಿ ಹೇಳಿದ ಹಾಗೆ ಹತ್ತು ಎನ್ನಲು ನಾಲಿಗೆ ತುರಿಸಿತು. ತಡೆದುಕೊಂಡೆ. ಬೆನ್ನನ್ನು ಕೇಳಿದೆ, ಬೆರಳುಗಳನ್ನು ಕೇಳಿದೆ. "ಎಂಟು ಸಾರ್" ಎಂದೆ.

"ನಾಲ್ಕಿದ್ದದ್ದು?"

"ಹೌದು. ಒಂದು ಸ್ಟೂಲ್ ಕೊಟ್ಟಿದ್ದಕ್ಕೆ."

ಅವರು ಮೇಜಿನ ಮೇಲಿನ ಪೆನ್ಸಿಲನ್ನು ಬಿಟ್ಟು ಜೇಬಿನ ಪೆನ್ನು ತೆಗೆದರು. ರಜೆಯ ಪುಸ್ತಕದಲ್ಲಿ ನಲವತ್ತೊಂದರ ಮುಂದೆ ತಾವೇ ಹಾಕಿದ್ದ ತಪ್ಪು ಗುರುತನ್ನು ಹೊಡೆದುಹಾಕಿ, ಗೆರೆ ಎಳೆದು ಬರೆದರು: ಮೊದಲೇ ಕೆಲಸ ಬದಲಿಸಿದ್ದರಿಂದ ಬೀಳಲಿಲ್ಲ. ಬರೆದ ಮೇಲೆ ನಂಬಿದರು.

"ಈ ವರ್ಷದ ಚೀಟಿ ಯಾವಾಗ ತಗೋತೀರಿ ಸಿಸ್ಟರ್?" ಎಂದರು. "ಲಕೋಟೆ ಬೇಡ. ಎಷ್ಟು ಸ್ಟೂಲ್ ಬೇಕಾಗುತ್ತೆ ಅಂತ ಮಾತ್ರ ಬೇಗ ಹೇಳಿ, ಮಾಡಿಸೋಕೆ ಟೈಮ್ ಬೇಕು."

ಗಾಜಿನಾಚೆಯ ಮೂವತ್ತು ಜನಕ್ಕೆ ಮಾತು ಕೇಳಿಸಿರಲಿಲ್ಲ. ಅತ್ತಿಗೆಯ ಮುಖ ನೋಡಿಯೇ ಅವರು ಕುಣಿಯತೊಡಗಿದರು.

ಬಸ್ಸಿನಲ್ಲಿ ಅಕ್ಕಪಕ್ಕ ಕೂತರೂ ನನ್ನ ಬಾಯಿಂದ ಮಾತು ಹೊರಡಲಿಲ್ಲ. ಹನ್ನೊಂದು ತಿಂಗಳು ಬಿಟ್ಟ ಮಾತನ್ನು ಎಲ್ಲಿಂದ ಎತ್ತಿಕೊಳ್ಳುವುದು? ಮನೆಗೆ ಬಂದೆವು. ಅಣ್ಣ ಅಂಗಡಿ ಮುಚ್ಚಿ ಬಂದ. ಮೂವರೂ ಊಟಕ್ಕೆ ಕೂತೆವು. ಅಣ್ಣ ಎಂದಿನಂತೆ ನಮ್ಮಿಬ್ಬರ ನಡುವೆ, ನನ್ನ ಕಡೆ ಒಂದು ಕಿವಿ ಕೊಟ್ಟುಕೊಂಡು. ನಾನು ಒಂದು ತುತ್ತು ಬಾಯಿಗಿಟ್ಟೆ.

"ಅತ್ತಿಗೆ" ಎಂದೆ. "ಉಪ್ಪು ಕಡಿಮೆ."

ಅಣ್ಣನ ಕೈಯ ಲೋಟ ತಟ್ಟೆಯ ಮೇಲೆ ಬಿತ್ತು. ಅತ್ತಿಗೆ ಉಪ್ಪಿನ ಬಟ್ಟಲನ್ನು ಎತ್ತಿ, ಅಣ್ಣನ ಎದೆಯ ಮುಂದಿನಿಂದ ಕೈ ಚಾಚಿ, ನೇರವಾಗಿ ನನ್ನ ಕೈಗೇ ಕೊಟ್ಟರು. ಕೊಟ್ಟ ಕೈಯನ್ನು ಬೇಗ ಹಿಂದಕ್ಕೆ ತೆಗೆಯಲಿಲ್ಲ. ಅಂದು ಅವರು ಎರಡು ಸಲ ಬಡಿಸಿಕೊಂಡು ಊಟ ಮಾಡಿದರು.